ಎರೆನಾಡಿನಲ್ಲಿ ಸೇವೆಯ ಹಾದಿ: ಶ್ರೀಸಾಮಾನ್ಯ ವಿಶ್ವಾಸಿಗಳ ಪಾಲು

ಶತಮಾನೋತ್ಸವವೆಂದರೆ ಲೆಕ್ಕ ಒಪ್ಪಿಸುವ ಕಾಲ. ದೇವಾಲಯದ ಅಸ್ತಿಭಾರ ಯಾವಾಗ ಬಿದ್ದಿತು, ಗಂಟೆ ಎಲ್ಲಿಂದ ಬಂದಿತು, ಯಾವ ಗುರುಗಳು ಎಷ್ಟು ವರ್ಷ ಇಲ್ಲಿದ್ದರು, ಜ್ಞಾನಸ್ನಾನ ಹೊಂದಿದವರೆಷ್ಟು, ವಿವಾಹಗಳೆಷ್ಟು ಎಂಬುದೆಲ್ಲ ಧರ್ಮಕೇಂದ್ರದ ದಫ್ತರಗಳಲ್ಲಿ ದೊರೆಯುತ್ತದೆ. ಇಂಥ ಸಂಚಿಕೆಯ ಅನ್ಯ ಲೇಖನಗಳಲ್ಲಿ ಅದು ಬಂದೇ ಬರುವುದು. ಆದರೆ ಯಾವ ದಫ್ತರದಲ್ಲಿಯೂ ಬರೆದಿಡದ ಇನ್ನೊಂದು ಲೆಕ್ಕವಿದೆ. ಜ್ವರದಿಂದ ಮಲಗಿದ ನೆರೆಯವನ ಹೊಲಕ್ಕೆ ಹೋಗಿ ಕುಂಟೆ ಹೊಡೆದವರಾರು? ಬಾಣಂತಿಯ ಮನೆಗೆ ಎರಡು ಕೊಡ ನೀರು ತಂದಿಟ್ಟವರಾರು? ದಿಕ್ಕಿಲ್ಲದೆ ಸತ್ತ ಮುದುಕನ ಹೆಣಕ್ಕೆ ಹೆಗಲು ಕೊಟ್ಟವರಾರು? ಈ ಲೆಕ್ಕ ಬರೆಯುವ ಪದ್ಧತಿ ನಮ್ಮಲ್ಲಿಲ್ಲ. ಹಾಗೆಂದು ಇದು ಇತಿಹಾಸವಲ್ಲವೆಂದು ಹೇಳಲಾಗದು. ಒಂದು ಧರ್ಮಸಭೆ ಒಂದು ನೆಲದಲ್ಲಿ ಬೇರು ಬಿಟ್ಟಿತೋ ಇಲ್ಲವೋ ಎಂಬುದನ್ನು ಅರಿಯಲು ಗೋಪುರದ ಎತ್ತರಕ್ಕಿಂತ ಇದೇ ಒಳ್ಳೆಯ ಅಳತೆಗೋಲು. ಧಾರವಾಡ ಜಿಲ್ಲೆಯ ಹಳ್ಳಿಗಾಡಿನಲ್ಲಿ ಕಷ್ಟಕಾಲದ ಸೇವೆ ಯಾವ ದಾರಿಯಲ್ಲಿ ನಡೆದುಬಂದಿದೆ, ಅದರಲ್ಲಿ ಗುರುಗಳೂ ಧರ್ಮಭಗಿನಿಯರೂ ಅಲ್ಲದ ಸಾಮಾನ್ಯ ವಿಶ್ವಾಸಿಗಳಾದ ನಮ್ಮ ಪಾಲೇನು ಎಂಬುದನ್ನು ಇಲ್ಲಿ ನೋಡಲಾಗಿದೆ.

ಮೊದಲು ನೆಲದ ಮಾತು. ನವಲಗುಂದ, ಅಣ್ಣಿಗೇರಿ, ಕುಂದಗೋಳಗಳು ಬಹುಮಟ್ಟಿಗೆ ಎರೆಭೂಮಿಯ ಸೀಮೆಗಳು. ಮಳೆ ಬಿದ್ದರೆ ಬಂಡಿಯ ಗಾಲಿಯನ್ನು ಹಿಡಿದು ಬಿಡದ, ಬಿಸಿಲು ಬಿದ್ದರೆ ಮಾರುದ್ದ ಬಾಯ್ದೆರೆಯುವ ಕಪ್ಪು ಮಣ್ಣು. ಬಿಳಿಜೋಳ, ಹತ್ತಿ, ಕಡಲೆ, ಗೋದಿ ಇಲ್ಲಿಯ ಬೆಳೆಗಳು. ನೆಲ ಫಲವತ್ತಾದದ್ದೇ, ನೀರು ಮಾತ್ರ ದುರ್ಲಭ. ಕುಂದಗೋಳ, ಹುಬ್ಬಳ್ಳಿ, ನವಲಗುಂದಗಳನ್ನು ಹಾಯ್ದು ಮಲಪ್ರಭೆಯನ್ನು ಸೇರುವ ಬೆಣ್ಣೆಹಳ್ಳದ ನೀರು ಸವಳು; ಎಷ್ಟೋ ಊರುಗಳಲ್ಲಿ ಬಾವಿಯ ನೀರೂ ಸವಳು. ಆದುದರಿಂದಲೇ ಇಲ್ಲಿಯ ಊರಿಗೆ ಕೆರೆಯೇ ಜೀವ. ಕಲಘಟಗಿಯ ಕಡೆ ಮಾತ್ರ ಮಲೆನಾಡಿನ ಸೆರಗು ಚಾಚಿದೆ. ಅಲ್ಲಿ ಕಾಡು, ಭತ್ತದ ಗದ್ದೆ, ಬೇಡ್ತಿಯ ನೀರು. ಇಂಥ ಸೀಮೆಯಲ್ಲಿ ಒಬ್ಬನೇ ಬಾಳುವುದು ಯಾರಿಗೂ ಸಾಧ್ಯವಿರಲಿಲ್ಲ. ಎರೆಹೊಲ ಹದಕ್ಕೆ ಬಂದಾಗ ನಾಲ್ಕೇ ದಿನಗಳಲ್ಲಿ ಬಿತ್ತಬೇಕು. ಹದ ತಪ್ಪಿದರೆ ವರ್ಷವೇ ತಪ್ಪಿದಂತೆ. ಆ ನಾಲ್ಕು ದಿನಗಳ ಅವಸರದಿಂದಲೇ ಮುಯ್ಯಿ ಎಂಬ ಪದ್ಧತಿ ಬೆಳೆದುಬಂದಿರಬೇಕು.

ಮುಯ್ಯಾಳು ಎಂದರೇನೆಂದು ನಮ್ಮ ಹಿರಿಯರಿಗೆ ಹೇಳಬೇಕಾಗಿಲ್ಲ. ಇಂದು ಇವರು ಅವರ ಹೊಲಕ್ಕೆ ಹೋಗಿ ದುಡಿಯುವರು. ನಾಳೆ ಅವರು ಇವರ ಹೊಲಕ್ಕೆ ಬರುವರು. ಕೂಲಿಯ ಮಾತಿಲ್ಲ, ಕಾಗದಪತ್ರವಿಲ್ಲ. ಆದರೂ ಲೆಕ್ಕ ಒಂದಾಳಿನಷ್ಟೂ ತಪ್ಪುವುದಿಲ್ಲ. ಮದುವೆಯಲ್ಲಿ ಮುಯ್ಯಿ ಮಾಡುವುದೂ ಇದೇ ನ್ಯಾಯದ ಮೇಲೆಯೇ. ಜಾತಿ ಮತಗಳ ಭೇದಗಳ ನಡುವೆಯೂ ಹಳ್ಳಿಯನ್ನು ಕಟ್ಟಿಹಿಡಿದ ಹಗ್ಗಗಳಲ್ಲಿ ಇದೂ ಒಂದು. ಇದನ್ನು ಕೇವಲ ಸ್ವಾರ್ಥವೆಂದು ತಳ್ಳಿಹಾಕುವುದು ಸರಿಯಲ್ಲ.

ಆದರೆ ಮುಯ್ಯಿಗೆ ಒಂದು ಮಿತಿಯಿದೆ. ತಿರುಗಿ ದುಡಿಯಬಲ್ಲವನೊಡನೆ ಮಾತ್ರ ಮುಯ್ಯಿ. ಎತ್ತಿಲ್ಲದ, ಬೆಳೆದ ಮಗನಿಲ್ಲದ ವಿಧವೆಯ ಹೊಲಕ್ಕೆ ಮುಯ್ಯಾಳು ಬರುವುದಿಲ್ಲ. ಹೊಲವೇ ಇಲ್ಲದವನಿಗೂ, ಹಾಸಿಗೆ ಹಿಡಿದವನಿಗೂ, ಪರಊರಿನಿಂದ ಬಂದು ಗುಡಿಸಲು ಹಾಕಿದವನಿಗೂ ಆ ವರ್ತುಲದಲ್ಲಿ ಸ್ಥಳವಿಲ್ಲ. ಸಂತ ಲೂಕನ ಶುಭಸಂದೇಶದ 14ನೆಯ ಅಧ್ಯಾಯದಲ್ಲಿ ಪ್ರಭು ಯೇಸು ಊಟಕ್ಕೆ ಕರೆದ ಯಜಮಾನನಿಗೆ ಹೇಳಿದ ಬುದ್ಧಿಯನ್ನು ನಮ್ಮ ಸೀಮೆಯ ಮಾತಿನಲ್ಲಿ ಹೇಳುವುದಾದರೆ ಇಷ್ಟೇ: ನೆಂಟರನ್ನೂ ಸಿರಿವಂತ ನೆರೆಯವರನ್ನೂ ಕರೆದರೆ ಅವರು ಮುಯ್ಯಿ ತೀರಿಸಿಬಿಡುವರು, ತೀರಿಸಲಾರದವರನ್ನು ಕರೆ. ಮುಯ್ಯಿಯನ್ನು ಪ್ರಭು ನಿಷೇಧಿಸಲಿಲ್ಲ. ಅದು ಮುಗಿಯುವ ಜಾಗದಿಂದ ಮುಂದಕ್ಕೆ ನಡೆಯೆಂದರು. ಕ್ರೈಸ್ತ ಸೇವೆಯ ಗಡಿಕಲ್ಲು ನೆಟ್ಟಿರುವುದು ಅಲ್ಲಿ.

ಆದಿ ಧರ್ಮಸಭೆಯಲ್ಲಿಯೂ ಮೊದಲ ತಂಟೆ ಎದ್ದದ್ದು ಈ ಗಡಿಯಲ್ಲಿಯೇ. ಜೆರುಸಲೇಮಿನಲ್ಲಿ ಗ್ರೀಕ್ ಮಾತನಾಡುವ ವಿಧವೆಯರಿಗೆ ದಿನನಿತ್ಯದ ಹಂಚಿಕೆಯಲ್ಲಿ ಅನ್ನ ತಪ್ಪುತ್ತಿದೆ ಎಂಬ ಗೊಣಗಾಟ ಹುಟ್ಟಿದಾಗ, ಪ್ರೇಷಿತರು ಸಭೆಯವರನ್ನೇ ಕರೆದು ಏಳು ಮಂದಿಯನ್ನು ಆರಿಸಿಕೊಳ್ಳಿರೆಂದರು. ಪ್ರೇಷಿತರ ಕಾರ್ಯಕಲಾಪಗಳ 6ನೆಯ ಅಧ್ಯಾಯದಲ್ಲಿ ಆ ಏಳು ಹೆಸರುಗಳಿವೆ. ಸ್ತೇಫನನಂಥ ಮಹಾಸಾಕ್ಷಿಯನ್ನು ಮೊದಲು ನೇಮಿಸಿದ ಕೆಲಸ ಊಟ ಬಡಿಸುವುದು ಎಂಬುದನ್ನು ನಾವು ಹಲವು ಸಲ ಮರೆಯುತ್ತೇವೆ. ಏಳೆಂಬ ಸಂಖ್ಯೆ ನಮ್ಮ ಸೀಮೆಗೂ ಅಪರಿಚಿತವಲ್ಲ. 1916ರಲ್ಲಿ ಬೆಳಗಾವಿಯಲ್ಲಿ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯನ್ನು ಕಟ್ಟಿದವರೂ ಏಳು ಜನ. ಬಹುಮಟ್ಟಿಗೆ ಉಪಾಧ್ಯಾಯರು, ಕೈಯಲ್ಲಿ ಹಣವಿಲ್ಲದವರು. ಜನ ಅವರನ್ನು ಸಪ್ತರ್ಷಿಗಳೆಂದು ಕರೆದರು. ಧರ್ಮ ಬೇರೆಯಾದರೂ ಕೆಲಸದ ರೀತಿ ಒಂದೇ: ಹಣ ಕೂಡುವ ತನಕ ಕಾಯದೆ, ಇದ್ದ ಕೈಗಳಿಂದ ಆರಂಭಿಸುವುದು.

ಇನ್ನು ಈ ಜಿಲ್ಲೆಯ ಅತ್ಯಂತ ಕಠಿಣ ದಿನಗಳ ಕಡೆಗೆ ಬರೋಣ. 1876ರಲ್ಲಿ ಮಳೆ ಕೈಕೊಟ್ಟಿತು. ಧಾತು ಮತ್ತು ಈಶ್ವರ ಸಂವತ್ಸರಗಳ ಆ ಬರ 1878ರವರೆಗೂ ದಕ್ಷಿಣ ಭಾರತವನ್ನು ಹಿಂಡಿತು. ಒಟ್ಟಿನಲ್ಲಿ 50 ಲಕ್ಷಕ್ಕೂ ಹೆಚ್ಚು ಜನ ಸತ್ತರೆಂದು ಅಂದಾಜಿದೆ. ಮುಂಬಯಿ ಪ್ರಾಂತದಲ್ಲಿ ಕಲಾದಗಿ, ಸೊಲ್ಲಾಪುರಗಳೊಡನೆ ಧಾರವಾಡ ಜಿಲ್ಲೆಯೂ ಅದರ ಬಾಯಿಗೆ ಬಿದ್ದಿತು. ಜಿಲ್ಲೆಯೊಳಗೂ ಭೇದವಿತ್ತು: ಪಶ್ಚಿಮದ ಕಲಘಟಗಿಯ ಕಡೆಗಿಂತ ಪೂರ್ವದ ಎರೆಸೀಮೆಗೆ ಬಿದ್ದ ಪೆಟ್ಟು ದೊಡ್ಡದು. ಇಂದಿನ ಗದಗ, ಹಾವೇರಿ ಜಿಲ್ಲೆಗಳನ್ನೂ ಒಳಗೊಂಡಿದ್ದ ಅಂದಿನ ಧಾರವಾಡ ಜಿಲ್ಲೆಯಲ್ಲಿ 1872ರ ಜನಗಣತಿಗಿಂತ 1881ರ ಜನಗಣತಿಯ ವೇಳೆಗೆ ಒಂದು ಲಕ್ಷಕ್ಕೂ ಹೆಚ್ಚು ಜನ ಕಡಿಮೆಯಾಗಿದ್ದರು. ಸತ್ತವರು, ಊರು ಬಿಟ್ಟು ಹೋಗಿ ಮರಳದವರು, ಹುಟ್ಟದೆ ಉಳಿದವರು, ಎಲ್ಲರೂ ಆ ಸಂಖ್ಯೆಯಲ್ಲಿ ಸೇರಿದ್ದಾರೆ.

ಇಂಥ ಬರದಲ್ಲಿ ಮೊದಲು ಸಾಯುವುದು ಮುಯ್ಯಿ. ಎಲ್ಲರ ಹಗೇವುಗಳೂ ಬರಿದಾದ ಮೇಲೆ ಯಾರು ಯಾರಿಗೆ ಕೊಡಬೇಕು? ಆಗ ಜಿಲ್ಲೆಗೆ ರೈಲು ಬಂದಿರಲಿಲ್ಲ. ಮೇವಿಲ್ಲದೆ ಎತ್ತುಗಳು ಬಿದ್ದುದರಿಂದ, ಬೇರೆಡೆಯಲ್ಲಿ ಕಾಳು ಇದ್ದರೂ ಅದನ್ನು ಹೊತ್ತು ತರುವ ಬಂಡಿಗಳು ಸಾಲಲಿಲ್ಲ. ಸರಕಾರ ಕ್ಷಾಮ ಪರಿಹಾರದ ಕಾಮಗಾರಿಗಳನ್ನು ತೆರೆಯಿತು: ರಸ್ತೆ, ಕೆರೆ, ಕಲ್ಲು ಒಡೆಯುವುದು. 1877ರಲ್ಲಿ ಸರ್ ರಿಚರ್ಡ್ ಟೆಂಪಲ್ ಕೂಲಿಯನ್ನು ಇಳಿಸಿ, ದಿನಕ್ಕೆ ಒಂದು ಪೌಂಡ್ ಧಾನ್ಯ ಮತ್ತು ಅಲ್ಪಸ್ವಲ್ಪ ಕಾಸಿಗೆ ತಂದು ನಿಲ್ಲಿಸಿದನು. ದಿನವೆಲ್ಲ ಕಲ್ಲು ಒಡೆಯುವವನಿಗೆ ಒಂದು ಪೌಂಡ್ ಜೋಳ! ಮದರಾಸಿನ ಆರೋಗ್ಯಾಧಿಕಾರಿ ಡಾಕ್ಟರ್ ಕಾರ್ನಿಷ್ ಅದನ್ನು ಬಹಿರಂಗವಾಗಿ ವಿರೋಧಿಸಿದನು. ಮುಂಬಯಿ ಪ್ರಾಂತದಲ್ಲಿ ಸಾವಿರಾರು ಕೂಲಿಗಳು ದೂರದ ಕಾಮಗಾರಿಗಳಿಗೆ ಹೋಗಲು ನಿರಾಕರಿಸಿ ಹಸಿವಿನಲ್ಲಿಯೂ ಪಟ್ಟುಹಿಡಿದರು.

ಆ ಹೊತ್ತಿನ ಒಂದು ಕೆಲಸ ನಮ್ಮ ವಿಷಯಕ್ಕೆ ಬಹಳ ಹತ್ತಿರದ್ದು. ಗಣೇಶ ವಾಸುದೇವ ಜೋಶಿಯವರು ಮುಂದಾಳಾಗಿದ್ದ ಪುಣೆಯ ಸಾರ್ವಜನಿಕ ಸಭೆಯು ಕ್ಷಾಮಪೀಡಿತ ಸೀಮೆಗಳಿಗೆ ತನ್ನ ಜನರನ್ನು ಕಳುಹಿಸಿತು. ಅವರು ಕಾಳಿನ ಧಾರಣೆ, ಕೂಲಿಯ ದರ, ಊರು ಬಿಟ್ಟವರ ಸಂಖ್ಯೆ, ಸತ್ತ ದನಗಳ ಸಂಖ್ಯೆಗಳನ್ನು ಬರೆದು ತಂದರು. ಸಭೆ ಅವನ್ನು ಸರಕಾರಕ್ಕೆ ಮತ್ತೆ ಮತ್ತೆ ಸಲ್ಲಿಸಿತು. ಹಸಿದವನಿಗೆ ಅನ್ನ ಕೊಡುವುದು ಸೇವೆ ಸರಿಯೇ. ಹಸಿದವನ ಲೆಕ್ಕವನ್ನು ಅರಮನೆಯ ಬಾಗಿಲಿಗೆ ಮುಟ್ಟಿಸುವುದೂ ಸೇವೆಯೇ. ಅಕ್ಷರ ಬಲ್ಲವನು ಮಾಡಬಹುದಾದ, ಅಕ್ಷರ ಬಲ್ಲವನೇ ಮಾಡಬೇಕಾದ ಸೇವೆ ಅದು. 1880ರ ಕ್ಷಾಮ ಆಯೋಗದ ವರದಿ, ಬಳಿಕ ಬಂದ ಕ್ಷಾಮ ಸಂಹಿತೆಗಳು, ಬರನಿವಾರಣೆಗೆಂದೇ ಹಾಕಿದ ರೈಲುದಾರಿಗಳು, ಇವುಗಳ ಹಿಂದೆ ಇಂಥ ಅನೇಕರ ಕಾಲ್ನಡಿಗೆಯೂ ಇದೆ.

ರೈಲಿನ ಪ್ರಸ್ತಾಪ ಬಂದುದರಿಂದ ಒಂದು ಮಾತು. 1882ರಲ್ಲಿ ಸ್ಥಾಪಿತವಾದ ಸದರ್ನ್ ಮರಾಠಾ ರೈಲ್ವೆ ಕಂಪನಿಯ ಹಳಿಗಳು ಹುಬ್ಬಳ್ಳಿ, ಅಣ್ಣಿಗೇರಿ, ಗದಗ, ಕುಂದಗೋಳಗಳನ್ನು ಮುಟ್ಟಿದವು. ನವಲಗುಂದ ಕಲಘಟಗಿಗಳು ಹೊರಗುಳಿದವು. ಆ ರೈಲಿನ ಕೆಲಸಕ್ಕೆಂದು ಗೋವೆ, ಮಂಗಳೂರು, ತಮಿಳು ಸೀಮೆಗಳಿಂದ ಬಂದ ಕಥೋಲಿಕ ಕುಟುಂಬಗಳು ಹುಬ್ಬಳ್ಳಿಯಲ್ಲಿ ನೆಲೆಸಿ ಅಲ್ಲಿಯ ಧರ್ಮಸಭೆಗೆ ಬಲ ತಂದವು. ಬರದ ನೆನಪಿನಿಂದ ಹುಟ್ಟಿದ ಹಳಿಯ ಮೇಲೆಯೇ ನಮ್ಮ ಎಷ್ಟೋ ಮನೆತನಗಳು ಈ ಸೀಮೆಗೆ ಬಂದಿಳಿದವೆಂಬುದು ಯೋಚಿಸತಕ್ಕ ವಿಷಯ. ಅಂದು ಈ ಜಿಲ್ಲೆಯ ಕಥೋಲಿಕರು ಪುಣೆಯ ಆಡಳಿತಕ್ಕೆ ಸೇರಿದವರು. ಬೆಳಗಾವಿ ಧರ್ಮಕ್ಷೇತ್ರ ರಚಿತವಾದದ್ದು 1953ರಲ್ಲಿ. ಒಬ್ಬ ಗುರುವಿಗೆ ಹತ್ತಾರು ಹರದಾರಿಗಳ ವಿಸ್ತಾರ. ವರ್ಷಕ್ಕೆ ಕೆಲವೇ ಸಲ ಬಲಿಪೂಜೆ ಕಂಡ ಹಳ್ಳಿಗಳಲ್ಲಿ ಉಳಿದ ದಿನಗಳ ಪ್ರಾರ್ಥನೆ, ರೋಗಿಗಳ ಭೇಟಿ, ಶವಸಂಸ್ಕಾರಗಳು ಯಾರ ಕೈಯಲ್ಲಿದ್ದವೆಂದು ಬೇರೆ ಹೇಳಬೇಕಾಗಿಲ್ಲ.

ಮುಂಬಯಿಯಲ್ಲಿ ಆ ಮೊದಲೇ ಒಂದು ಬೀಜ ಬಿದ್ದಿತ್ತು. 1863ರಲ್ಲಿ, ಮುಂದೆ ಅಲ್ಲಿಯ ಧರ್ಮಾಧ್ಯಕ್ಷರಾದ ಯೇಸು ಸಭೆಯ ಲಿಯೋ ಮೊರಿನ್‌ರ ಪ್ರಯತ್ನದಿಂದ ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆಯ ಭಾರತದ ಮೊದಲ ಶಾಖೆ ಆರಂಭವಾಯಿತು. ಈ ಸಭೆಯ ಮೂಲಕಥೆ ನಮ್ಮ ಯುವಕರು ತಿಳಿಯತಕ್ಕದ್ದು. 1833ರ ಪ್ಯಾರಿಸ್ ನಗರ. ಹಿಂದಿನ ವರ್ಷವಷ್ಟೇ ಕಾಲರಾ ಊರನ್ನು ಬಡಿದು ಹೋಗಿತ್ತು. ಕಾಲೇಜಿನ ಚರ್ಚಾಕೂಟವೊಂದರಲ್ಲಿ ಫ್ರೆಡರಿಕ್ ಓಜಾನಾಂ ಎಂಬ ತರುಣನು ಕ್ರೈಸ್ತಧರ್ಮವು ಜಗತ್ತಿಗೆ ಮಾಡಿದ ಉಪಕಾರವನ್ನು ಸೊಗಸಾಗಿ ವರ್ಣಿಸಿದಾಗ, ಎದುರು ಪಕ್ಷದವರು ಅದೆಲ್ಲ ಹಿಂದಿನ ಮಾತಾಯಿತು, ಇಂದು ನೀವು ಮಾಡುತ್ತಿರುವುದೇನು ಎಂದು ಕೇಳಿದರು. ಉತ್ತರವಿರಲಿಲ್ಲ. ಓಜಾನಾಂ ಮತ್ತು ಅವನ ಗೆಳೆಯನು ತಮ್ಮ ಕೋಣೆಯಲ್ಲಿ ಚಳಿಗೆಂದು ಉಳಿಸಿಕೊಂಡಿದ್ದ ಸೌದೆಯನ್ನು ಹೊತ್ತುಕೊಂಡು ಹೋಗಿ ಒಂದು ಬಡವರ ಮನೆಯಲ್ಲಿ ಇಳಿಸಿದರು. ಆಗ ಅವನಿಗೆ ಇಪ್ಪತ್ತು ವರ್ಷ. ಬಡವರ ಕೇರಿಗಳ ದಾರಿ ತೋರಿಸಿದವರು ಸಿಸ್ಟರ್ ರೊಜಾಲಿ ರಾಂದ್ಯು ಎಂಬ ಧರ್ಮಭಗಿನಿ. ಆದರೆ ಸೌದೆ ಹೊತ್ತವರು ವಿದ್ಯಾರ್ಥಿಗಳು. ಓಜಾನಾಂ ಗುರುವಾಗಲಿಲ್ಲ, ಮದುವೆಯಾದನು, ಪ್ರಾಧ್ಯಾಪಕನಾದನು, 40ನೆಯ ವಯಸ್ಸಿನಲ್ಲಿ ತೀರಿಕೊಂಡನು. 1997ರಲ್ಲಿ ಜಗದ್ಗುರು ಎರಡನೆಯ ಜಾನ್ ಪಾಲರು ಅವನನ್ನು ಪುನೀತನೆಂದು ಸಾರಿದರು. ಸಂಸಾರಸ್ಥನಿಗೆ ಸೇವೆಯಿಂದ ಪುನೀತಪದವಿಯೇ ಎಂದು ಸಂದೇಹಪಡುವವರಿಗೆ ಇದೊಂದು ಉದಾಹರಣೆ ಸಾಕು.

ಬರದ ನಂತರ ಬಂದದ್ದು ಪಿಳೇಗು. 1896ರಲ್ಲಿ ಮುಂಬಯಿಗೆ ಬಂದ ಆ ಮಾರಿ ರೈಲು ಹತ್ತಿಯೇ ನಮ್ಮ ಜಿಲ್ಲೆಗೂ ಬಂದಿತೆನ್ನಬೇಕು. 1898ರಲ್ಲಿ ಹುಬ್ಬಳ್ಳಿ ಅದರ ಕೈಗೆ ಸಿಕ್ಕಿತು. ಇಲಿ ಬಿದ್ದ ಮನೆಗಳನ್ನು ಬಿಟ್ಟು ಜನ ಊರ ಹೊರಗೆ ಹೊಲಗಳಲ್ಲಿ ತಟ್ಟಿಯ ಗುಡಿಸಲು ಹಾಕಿಕೊಂಡರು. ಅದರ ಹಿಂದಿನ ವರ್ಷದ ಜನವರಿಯಲ್ಲಿ ಮುಂಬಯಿಯಲ್ಲಿ ಹಾಫ್ಕಿನ್ ಎಂಬ ವಿಜ್ಞಾನಿ ತಾನು ಸಿದ್ಧಪಡಿಸಿದ ಪಿಳೇಗಿನ ಲಸಿಕೆಯನ್ನು ಮೊದಲು ತನ್ನ ಮೈಗೇ ಚುಚ್ಚಿಕೊಂಡು ಪರೀಕ್ಷಿಸಿದ್ದನು. ಆ ಲಸಿಕೆಯನ್ನು ಊರಿಗೆ ಊರಿಗೇ ಹಾಕುವ ಸಾಹಸ ನಡೆದ ಆರಂಭದ ಸ್ಥಳಗಳಲ್ಲಿ ನಮ್ಮ ಹುಬ್ಬಳ್ಳಿ ಪ್ರಮುಖವಾದುದು. ಕ್ಯಾಪ್ಟನ್ ಲ್ಯೂಮನ್ ಎಂಬ ವೈದ್ಯಾಧಿಕಾರಿಯ ಮೇಲ್ವಿಚಾರಣೆಯಲ್ಲಿ, ಸುಮಾರು 50 ಸಾವಿರ ಜನಸಂಖ್ಯೆಯ ಊರಿನಲ್ಲಿ 30 ಸಾವಿರಕ್ಕೂ ಹೆಚ್ಚು ಮಂದಿ ಲಸಿಕೆ ಹಾಕಿಸಿಕೊಂಡರು. ಸೂಜಿ ಹಿಡಿದವರು ಕೆಲವೇ ಜನ. ಆದರೆ ಸರಕಾರದ ಸೂಜಿಗೆ ತೋಳು ಚಾಚಲು ಅಂಜುತ್ತಿದ್ದ ಕಾಲದಲ್ಲಿ ಇಷ್ಟು ಜನ ಮುಂದೆ ಬರಬೇಕಾದರೆ, ಕೇರಿಕೇರಿಗಳಲ್ಲಿ ನಾನು ಹಾಕಿಸಿಕೊಂಡಿದ್ದೇನೆ, ನೀನೂ ಬಾ ಎಂದ ಮೊದಲಿಗರು ಬೇಕು. ಅದು ಕಾಸಿನ ಖರ್ಚಿಲ್ಲದ, ಧೈರ್ಯದ ಖರ್ಚು ಬಹಳವಿರುವ ಸೇವೆ.

ಪಿಳೇಗಿನ ರೋಗಿಯನ್ನು ಮುಟ್ಟುವ ವಿಷಯದಲ್ಲಿ ಧರ್ಮಸಭೆಗೆ ಹಳೆಯ ಸಂಪ್ರದಾಯವಿದೆ. 3ನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯದಲ್ಲಿ ಮಹಾಮಾರಿ ಬಡಿದಾಗ, ಅಲ್ಲಿಯ ಧರ್ಮಾಧ್ಯಕ್ಷ ದಿಯೊನೀಸಿಯುಸರು ಬರೆದ ಪತ್ರವನ್ನು ಎವ್ಸೇಬಿಯುಸನ ಇತಿಹಾಸಗ್ರಂಥ ಉಳಿಸಿಕೊಟ್ಟಿದೆ. ರೋಗಿಗಳನ್ನು ಆರೈಕೆ ಮಾಡಿ ತಾವೇ ರೋಗಕ್ಕೆ ತುತ್ತಾದವರಲ್ಲಿ ಗುರುಗಳೂ ಸೇವಾದರ್ಶಿಗಳೂ ಇದ್ದಂತೆಯೇ ಶ್ರೀಸಾಮಾನ್ಯರೂ ಇದ್ದರೆಂದು ಅವರು ಎತ್ತಿ ಹೇಳಿದ್ದಾರೆ. ನಮ್ಮ ನಾಡಿನಲ್ಲಿ ಆ ಸಂಪ್ರದಾಯದ ದೊಡ್ಡ ಹೆಸರು ಮಂಗಳೂರಿನ ಫಾದರ್ ಆಗುಸ್ತುಸ್ ಮುಲ್ಲರ್. 1878ರ ಕೊನೆಯ ದಿನ ಮಂಗಳೂರಿಗೆ ಬಂದಿಳಿದ ಯೇಸು ಸಭೆಯ ಗುರುಗಳಲ್ಲಿ ಅವರೂ ಒಬ್ಬರು. 1880ರಲ್ಲಿ ಬಡವರಿಗೆ ಹೋಮಿಯೋಪತಿ ಗುಳಿಗೆ ಕೊಡುವುದರಿಂದ ಆರಂಭಿಸಿದರು. 1890ರಲ್ಲಿ ಕುಷ್ಠರೋಗಿಗಳಿಗೆ ಆಶ್ರಮ ಕಟ್ಟಿದರು. 1902ರಲ್ಲಿ ಪಿಳೇಗು ಮಂಗಳೂರನ್ನು ಹೊಕ್ಕಾಗ ಅದಕ್ಕೂ ಆಸ್ಪತ್ರೆ ತೆರೆದರು. 1910ರಲ್ಲಿ ಅವರು ತೀರಿಕೊಂಡಾಗ ಕಂಕನಾಡಿಯೆಂದರೆ ಔಷಧವೆಂಬಷ್ಟು ಹೆಸರಾಗಿತ್ತು. ಇದು ಗುರುಗಳ ಕಥೆಯಾಯಿತೆನ್ನಬಹುದು. ಅದೇ ಮಂಗಳೂರಿನಲ್ಲಿ 1887ರಲ್ಲಿ ಫಾದರ್ ಅರ್ಬನ್ ಸ್ಟೈನ್‌ರ ಮಾರ್ಗದರ್ಶನದಲ್ಲಿ ಕೆಲವು ತರುಣಿಯರು, ತಮ್ಮ ತಮ್ಮ ಮನೆಗಳಲ್ಲಿಯೇ ಇದ್ದುಕೊಂಡು, ಮಕ್ಕಳಿಗೆ ಜ್ಞಾನೋಪದೇಶ ಹೇಳುವ, ರೋಗಿಗಳನ್ನು ನೋಡಿಕೊಳ್ಳುವ ವ್ರತ ತೊಟ್ಟರು. ಇಂದಿನ ಉರ್ಸುಲೈನ್ ಫ್ರಾನ್ಸಿಸ್ಕನ್ ಧರ್ಮಭಗಿನಿಯರ ಸಂಘದ ಬೇರು ಅದು. ಮೊದಲು ಮನೆಯ ಹೆಣ್ಣುಮಕ್ಕಳ ಸೇವೆ, ಕನ್ಯಾಮಠ ಆಮೇಲೆ. ಈ ಅನುಕ್ರಮವನ್ನು ಗಮನಿಸಬೇಕು.

ಏಕೆಂದರೆ ಇಂದು ನಮ್ಮ ಮನಸ್ಸಿನಲ್ಲಿ ಅನುಕ್ರಮ ತಲೆಕೆಳಗಾಗಿದೆ. ಶಾಲೆ, ದವಾಖಾನೆ, ವಸತಿಗೃಹಗಳು ಬಂದವು, ಒಳ್ಳೆಯದೇ ಆಯಿತು. ಬೆಟಗೇರಿಯಲ್ಲಿ ಬಾಸೆಲ್ ಮಿಶನ್ನಿನ ನಮ್ಮ ಸೋದರರು ನಡೆಸಿದ ಆಸ್ಪತ್ರೆಯನ್ನು ಕೃತಜ್ಞತೆಯಿಂದ ನೆನೆಯುವ ಎಲ್ಲ ಜಾತಿಯ ಮನೆಗಳೂ ಈ ಸೀಮೆಯಲ್ಲಿವೆ. ಆದರೆ ಸಂಸ್ಥೆಗಳು ಬೆಳೆದಂತೆ, ಸೇವೆಯೆಂದರೆ ಮಠದ ಸಿಸ್ಟರರ ಕೆಲಸ, ಫಾದರರ ಕೆಲಸ, ಹೊರದೇಶದಿಂದ ಬರುವ ಹಣದ ಕೆಲಸ ಎಂಬ ಭಾವನೆ ನಮ್ಮಲ್ಲಿ ಬೇರೂರಿತು. ನಾವು ರವಿವಾರ ಬಂದು ಹೋಗುವವರು. ಕಾಣಿಕೆ ಹಾಕಿದರೆ ಮುಗಿಯಿತು. ದ್ವಿತೀಯ ವ್ಯಾಟಿಕನ್ ಮಹಾಸಭೆಯು 1965ರ ನವೆಂಬರ್ 18ರಂದು ಶ್ರೀಸಾಮಾನ್ಯರ ಪ್ರೇಷಿತಕಾರ್ಯವನ್ನು ಕುರಿತು ಪ್ರತ್ಯೇಕ ಆಜ್ಞಾಪತ್ರವನ್ನೇ ಹೊರಡಿಸಿತು. ಈ ಹೊಣೆ ಧರ್ಮಗುರುಗಳು ದಯಪಾಲಿಸಿದ ಅನುಮತಿಯಲ್ಲ, ಜ್ಞಾನಸ್ನಾನದಿಂದಲೇ ಬಂದದ್ದು ಎಂಬುದು ಅದರ ತಿರುಳು. ಅರವತ್ತು ವರ್ಷಗಳಾದರೂ ಆ ಮಾತು ನಮ್ಮ ಹಳ್ಳಿಗಳ ಅಂಗಳಕ್ಕೆ ಪೂರ್ತಿಯಾಗಿ ಬಂದಿಲ್ಲವೆಂದೇ ಈ ಲೇಖಕನ ಅಭಿಪ್ರಾಯ. ಜನ ಕಡಿಮೆಯಿರುವ ಸಣ್ಣ ಧರ್ಮಕೇಂದ್ರಗಳಲ್ಲಿ ಇದರ ಪರಿಣಾಮ ಕಠೋರ: ಗುರುಗಳ ವರ್ಗವಾದರೆ ಅವರೊಡನೆ ಸೇವೆಯೂ ವರ್ಗವಾಗಿ ಹೋಗುತ್ತದೆ.

ಅಪಾಯದ ವೇಳೆಯಲ್ಲಿ ಮಾತ್ರ ಹಳೆಯ ರಕ್ತ ಜಾಗೃತವಾಗುತ್ತದೆ. 2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಆರಂಭದ ಮಳೆ ಉತ್ತರ ಕರ್ನಾಟಕವನ್ನು ಮುಳುಗಿಸಿ 200ಕ್ಕೂ ಹೆಚ್ಚು ಜೀವಗಳನ್ನು ಒಯ್ದಾಗ, ನೀರಿಗಾಗಿ ಹಂಬಲಿಸುವ ನವಲಗುಂದ ಸೀಮೆಯನ್ನೇ ಬೆಣ್ಣೆಹಳ್ಳವೂ ತುಪ್ಪರಿಹಳ್ಳವೂ ಸುತ್ತುಗಟ್ಟಿದವು. 2019ರ ಆಗಸ್ಟಿನಲ್ಲಿ ಅದೇ ಮರುಕಳಿಸಿತು. ಹೆಸರಿನಲ್ಲಿ ಬೆಣ್ಣೆ ತುಪ್ಪವಿದ್ದರೂ ಕೆರಳಿದರೆ ಇವುಗಳಷ್ಟು ಕ್ರೂರವಾದ ಹಳ್ಳಗಳಿಲ್ಲ. ಎರೆಮಣ್ಣು ನೀರನ್ನು ಬೇಗ ಇಂಗಿಸಿಕೊಳ್ಳದಿರುವುದರಿಂದ ಮೇಲಿನ ಮಳೆಯೆಲ್ಲ ಒಮ್ಮೆಗೇ ಹರಿದು ಬರುತ್ತದೆ. ಗಂಜಿಕೇಂದ್ರಗಳಲ್ಲಿ ರೊಟ್ಟಿ ಬಡಿದವರು ಪಕ್ಕದ ಊರಿನ ಹೆಣ್ಣುಮಕ್ಕಳು. ಬಿದ್ದ ಮನೆಗಳ ಬದಲು ಆಸರೆ ಯೋಜನೆಯ ಮನೆಗಳನ್ನು ಕಟ್ಟಲು ಸರಕಾರವೂ ದಾನಿಗಳೂ ಬಂದರು. ಆದರೆ ನೆರೆ ಇಳಿದ ಮರುದಿನ ಮನೆಯೊಳಗಿನ ಮೊಳಕಾಲುದ್ದ ರಾಡಿಯನ್ನು ಬಾಚಿ ಹೊರಹಾಕಲು ಯಾವ ಯೋಜನೆಯೂ ಬರುವುದಿಲ್ಲ. ಅದಕ್ಕೆ ಸಲಿಕೆ ಹಿಡಿದ ನಾಲ್ಕು ಜನ ಬೇಕು. 2020–21ರ ಕೊರೋನಾ ಕಾಲದಲ್ಲಿ ಬೆಂಗಳೂರಿನಂಥ ನಗರದಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ತರುಣರು ಕೂಡಿ, ಬಂಧುಗಳೇ ಸಮೀಪ ಬರಲಾಗದ ಶವಗಳಿಗೆ ಅಂತ್ಯಸಂಸ್ಕಾರ ಮಾಡಿದರು. ಸತ್ತವರನ್ನು ಮಣ್ಣುಮಾಡುವುದು ಧರ್ಮಸಭೆ ಎಣಿಸುವ ಏಳು ದಯಾಕಾರ್ಯಗಳಲ್ಲಿ ಒಂದು. ತೋಬಿತನ ಗ್ರಂಥವನ್ನು ಓದಿದವರಿಗೆ ಅದರ ಬೆಲೆ ತಿಳಿದಿದೆ.

ನೆರೆಯೂ ಮಾರಿಯೂ ಪ್ರತಿವರ್ಷ ಬರುವುದಿಲ್ಲ. ಪ್ರತಿವಾರ ಬರುವ ಅಗತ್ಯಗಳು ಸಣ್ಣವು, ಆದ್ದರಿಂದಲೇ ಕಣ್ಣಿಗೆ ಬೀಳದಂಥವು. ನಮ್ಮ ಹಳ್ಳಿಗಳಿಂದ ದುಡಿಯುವ ವಯಸ್ಸಿನವರು ಹುಬ್ಬಳ್ಳಿ, ಗೋವೆ, ಬೆಂಗಳೂರುಗಳಿಗೆ ಹೋಗಿಬಿಟ್ಟಿದ್ದಾರೆ. ಮುಯ್ಯಿಗೆ ಕರೆಯಲು ಆಳೇ ಇಲ್ಲದ ಮನೆಗಳಲ್ಲಿ ಮುದುಕರಿಬ್ಬರು ಉಳಿದಿದ್ದಾರೆ. ಅವರಲ್ಲೊಬ್ಬರಿಗೆ ಎದೆನೋವು ಬಂದರೆ, ಜನ ಇಂದಿಗೂ ಕಿಮ್ಸ್ ಎಂದೇ ಕರೆಯುವ ಹುಬ್ಬಳ್ಳಿಯ ಸರಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಚೀಟಿ ಎಲ್ಲಿ ಮಾಡಿಸಬೇಕು, ರಕ್ತ ಎಲ್ಲಿ ಪರೀಕ್ಷಿಸಬೇಕು, ಯಾವ ಕಿಟಕಿಯ ಮುಂದೆ ನಿಲ್ಲಬೇಕು ಎಂಬುದು ಅಕ್ಷರ ಬಲ್ಲವನಿಗೂ ಸುಲಭವಾಗಿ ತಿಳಿಯದು. ರೋಗಿಯ ಜೊತೆ ಒಂದು ದಿನ ಹೋಗಿ ನಿಲ್ಲುವವನು ವೈದ್ಯನಷ್ಟೇ ಬೇಕಾದವನು. ರಕ್ತ ಕೊಡುವವನೂ ಹಾಗೆಯೇ. ಪಿಳೇಗಿನ ದಿನಗಳಲ್ಲಿ ತೋಳು ಚಾಚಿದವರ ಸಾಲಿಗೆ ಸೇರಬಯಸುವ ಯುವಕನಿಗೆ ಇದಕ್ಕಿಂತ ಸುಲಭದ ದಾರಿಯಿಲ್ಲ.

ಕಾಗದದ ಸೇವೆಯೂ ಇದೆ. ಕಲಘಟಗಿಯ ಕಾಡಂಚಿನಲ್ಲಿ ಸಿದ್ದಿ ಜನರಿದ್ದಾರೆ. ನೆರೆಯ ಹಳಿಯಾಳ, ಯಲ್ಲಾಪುರ, ಮುಂಡಗೋಡಗಳಲ್ಲಿ ಅವರಲ್ಲನೇಕರು ನಮ್ಮ ಕಥೋಲಿಕ ಸೋದರರೇ. ಉತ್ತರ ಕನ್ನಡದ ಸಿದ್ದಿಗಳು 2003ರಲ್ಲಿಯೇ ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿದರೆ, ಧಾರವಾಡ ಮತ್ತು ಬೆಳಗಾವಿ ಜಿಲ್ಲೆಗಳ ಸಿದ್ದಿಗಳಿಗೆ ಆ ಹಕ್ಕು ಬಂದದ್ದು 2020ರ ತಿದ್ದುಪಡಿಯಿಂದ. ದೆಹಲಿಯಲ್ಲಿ ಬರೆದ ಆ ಒಂದು ಸಾಲು ಒಬ್ಬ ಹುಡುಗಿಯ ವಿದ್ಯಾರ್ಥಿವೇತನವಾಗಬೇಕಾದರೆ ನಡುವೆ ಎಷ್ಟು ಅರ್ಜಿಗಳು, ಎಷ್ಟು ದಾಖಲೆಗಳು, ತಹಶೀಲ್ದಾರರ ಕಚೇರಿಗೆ ಎಷ್ಟು ಸುತ್ತುಗಳು! ನಿವೃತ್ತ ಶಿಕ್ಷಕರೊಬ್ಬರು ವಾರಕ್ಕೆ ಒಂದು ಸಂಜೆ ದೇವಾಲಯದ ಪಡಸಾಲೆಯಲ್ಲಿ ಕುಳಿತು, ಜಾತಿಮತ ನೋಡದೆ, ಬಂದವರ ಅರ್ಜಿ ತುಂಬಿಕೊಟ್ಟರೆ ಸಾರ್ವಜನಿಕ ಸಭೆಯವರು 1877ರಲ್ಲಿ ಮಾಡಿದ ಕೆಲಸವೇ ಮುಂದುವರಿದಂತೆ. ವಿಧವಾ ವೇತನ, ವೃದ್ಧಾಪ್ಯ ವೇತನಗಳಿಗೂ ಇದೇ ಮಾತು ಸಲ್ಲುತ್ತದೆ.

ಜಾತಿಮತ ನೋಡದೆ ಎಂಬ ಮಾತನ್ನು ಅಲಂಕಾರಕ್ಕಾಗಿ ಬರೆದಿಲ್ಲ. ಬರಗಾಲದ ಅನ್ನವನ್ನು ತೋರಿಸಿ ಧರ್ಮಕ್ಕೆ ಸೆಳೆದರೆಂಬ ಆಪಾದನೆ ಹಿಂದಿನಿಂದಲೂ ನಮ್ಮ ಮೇಲಿದೆ. ಅದಕ್ಕೆ ಸಭೆಯಲ್ಲಿ ಕೊಡುವ ಉತ್ತರಕ್ಕಿಂತ ಬಾಳಿನಲ್ಲಿ ಕೊಡುವ ಉತ್ತರ ಲೇಸು. ಕೊಟ್ಟದ್ದಕ್ಕೆ ಪ್ರತಿಯಾಗಿ ಏನನ್ನೂ, ವಿಶ್ವಾಸವನ್ನು ಕೂಡ, ಕೇಳದಿದ್ದಾಗಲೇ ಅದು ಲೂಕನ ಶುಭಸಂದೇಶದ ಊಟ. ಕೇಳಿದರೆ ಅದೂ ಒಂದು ಬಗೆಯ ಮುಯ್ಯಿಯೇ ಸರಿ. ಕೃತಜ್ಞತೆಯನ್ನು ಬಯಸುವುದೂ ಮುಯ್ಯಿಯೇ. ಎರಡು ಸೀರೆ ಹಂಚಿ ಹತ್ತು ಛಾಯಾಚಿತ್ರ ತೆಗೆಸಿಕೊಳ್ಳುವ ಹೊಸ ಪದ್ಧತಿಯ ವಿಷಯದಲ್ಲಿ ಹೆಚ್ಚು ಬರೆಯದಿರುವುದೇ ಮೇಲು.

ವಿನ್ಸೆಂಟ್ ದೆ ಪಾವ್ಲ್ ಸಭೆಯ ಎರಡು ಹಳೆಯ ರೂಢಿಗಳು ಸಣ್ಣ ಧರ್ಮಕೇಂದ್ರಕ್ಕೆ ಬಹಳ ಅನುಕೂಲವಾದವು. ಸದಸ್ಯರು ಬಡವರನ್ನು ತಮ್ಮಲ್ಲಿಗೆ ಕರೆಸಿಕೊಳ್ಳದೆ, ತಾವೇ ಇಬ್ಬಿಬ್ಬರಾಗಿ ಅವರ ಮನೆಗೆ ಹೋಗುತ್ತಾರೆ. ಕೂಟದ ಕೊನೆಯಲ್ಲಿ ಒಂದು ಚೀಲ ಕೈಯಿಂದ ಕೈಗೆ ಹೋಗುತ್ತದೆ. ಯಾರು ಎಷ್ಟು ಹಾಕಿದರೆಂಬುದು ಯಾರಿಗೂ ತಿಳಿಯದು. ಇದಕ್ಕೆ ಕಟ್ಟಡ ಬೇಡ, ಅನುದಾನ ಬೇಡ. ಐದಾರು ಮನೆಗಳು ಸಾಕು. ಗುರುಗಳು ವರ್ಗವಾದರೂ ಕೂಟ ನಿಲ್ಲಬೇಕಾಗಿಲ್ಲ.

ಕೊನೆಯದಾಗಿ ನೀರು. ಮಲಪ್ರಭೆಯ ಕಾಲುವೆ, ನಳದ ನೀರು ಬಂದ ಮೇಲೆ ನಮ್ಮ ಕೆರೆಗಳು ಅನಾಥವಾಗಿವೆ. ನವಲಗುಂದದ ನೀಲಮ್ಮನ ಕೆರೆಯಂಥವು ಊರಿಗೆ ಊರನ್ನೇ ಸಲಹಿದವು. ಹಳ್ಳಿಗಳ ಸಣ್ಣ ಕೆರೆಗಳಲ್ಲಿ ಅನೇಕವು ಹೂಳು ತುಂಬಿ ಜಾಲಿ ಬೆಳೆಸಿ ನಿಂತಿವೆ. ಹಿಂದೆ ಹೂಳೆತ್ತುವುದು ಊರವರೆಲ್ಲರ ಸರದಿಯ ಕೆಲಸವಾಗಿತ್ತು. ಎತ್ತಿದ ಗೋಡುಮಣ್ಣು ಹೊಲಕ್ಕೆ ಗೊಬ್ಬರವಾಗುತ್ತಿತ್ತು. ಪಂಚಾಯತಿಯ ಒಪ್ಪಿಗೆ ಪಡೆದು ಊರಿನ ಉಳಿದ ಜನರೊಡನೆ ಸಲಿಕೆ ಬುಟ್ಟಿ ಹಿಡಿದು ಹೋಗಲು ನಮಗೆ ಯಾವ ಅಡ್ಡಿಯೂ ಇಲ್ಲ. ಜೋಳ, ಕಡಲೆಗಳ ರಾಶಿ ಮುಗಿದು ಹೊಲದಲ್ಲಿ ಕೆಲಸವಿರುವುದಿಲ್ಲ, ಕೆರೆಯಲ್ಲಿ ನೀರೂ ತಳ ಹಿಡಿದಿರುತ್ತದೆ; ಪಾಸ್ಕ ಹಬ್ಬದಿಂದ ಮೊದಲ ಮುಂಗಾರಿ ಮಳೆ ಬೀಳುವವರೆಗಿನ ಆ ಐದಾರು ವಾರಗಳೇ ಅದಕ್ಕೆ ತಕ್ಕ ಕಾಲ.